ಹುಚ್ಚಣ್ಣನ ಮಹಜರು

ಸಕಲೇಶಪುರದ ಕಡೆ ಒಂದು ಅಲಿಖಿತ ಲೆಕ್ಕವಿದೆ. ನೂರೆಕರೆ ದಾಟಿದವರು ಪ್ಲಾಂಟರು. ಇಪ್ಪತ್ತೆಕರೆಯವರು ಬೆಳೆಗಾರರು. ಆರೆಕರೆಯವರು "ಪಾಪ, ಅವನಿಗೂ ಒಂಚೂರು ತೋಟ ಐತೆ" ಎನ್ನಿಸಿಕೊಳ್ಳುವವರು. ಹೊಂಗಡಹಳ್ಳದ ಮೋಹನ ಈ ಮೂರನೆಯ ಪಂಗಡದವನು. ಆದರೂ ಗುರುತಿಲ್ಲದ ನಂಬರಿನಿಂದ ಫೋನು ಬಂದಾಗಲೆಲ್ಲ ಗಂಟಲು ಸರಿಮಾಡಿಕೊಂಡು, ದನಿಯನ್ನು ಸ್ವಲ್ಪ ದಪ್ಪ ಮಾಡಿ, "ಪ್ಲಾಂಟರ್ ಮೋಹನ್ ಮಾತಾಡ್ತಾ ಇರೋದು" ಎನ್ನುತ್ತಿದ್ದ. ಗುರುತಿರುವವರ ಮುಂದೆ ಹಾಗೆನ್ನುವ ಎದೆಗಾರಿಕೆ ಅವನಿಗಿರಲಿಲ್ಲ. ಹೆಂಡತಿ ನೇತ್ರಾವತಿ ಹತ್ತಿರದಲ್ಲಿದ್ದರಂತೂ ಅಂಥ ಕರೆಗಳನ್ನು ಎತ್ತುತ್ತಲೇ ಇರಲಿಲ್ಲ.

ಆ ಒಂದು ವಾಕ್ಯದ ಬೆಲೆಯನ್ನು ಹುಚ್ಚಣ್ಣನ ಬಲಗಾಲು ತೆರಬೇಕಾಯಿತು.

ಹುಚ್ಚಣ್ಣ ಇಪ್ಪತ್ತೆಂಟು ವರ್ಷದಿಂದ ಆ ತೋಟದಲ್ಲಿ ಮೆಣಸು ಕುಯ್ಯುವವನು. ತೋಟದ ಇನ್ನೂರ ಹನ್ನೆರಡು ಸಿಲ್ವರ್ ಮರಗಳಿಗೂ ಕಾಳುಮೆಣಸಿನ ಬಳ್ಳಿ ಹಬ್ಬಿತ್ತು. ಅವನು ಹತ್ತದ ಮರ ಒಂದೂ ಇರಲಿಲ್ಲ. ನೆಲದಿಂದ ಆಳೆತ್ತರದ ತನಕ ತೋಟ ಮೋಹನನದು, ಅಲ್ಲಿಂದ ಮೇಲಕ್ಕೆ ಹುಚ್ಚಣ್ಣನದು ಎಂದು ನೇತ್ರಾವತಿ ಹೇಳುವುದಿತ್ತು. ಮೋಹನ ಇದನ್ನು ತಮಾಷೆ ಎಂದುಕೊಂಡಿದ್ದ.

ಜನವರಿಯ ಕೊನೆಯ ವಾರ ಹುಚ್ಚಣ್ಣ ಚೀಲ ತುಂಬಿಸಿಕೊಂಡು ಒಂಟಿ ಬಿದಿರಿನ ಏಣಿಯಿಂದ ಇಳಿಯುತ್ತಿದ್ದ. ನೆಲ ಇನ್ನೂ ಹದಿನೈದಡಿ. ಕೆಳಗೆ ಏಣಿಯ ಬುಡ ಹಿಡಿದು ನಿಂತವನು ಮೋಹನ. ಫೋನು ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ಒಂದು ಕೈ ಫೋನಿಗೆ ಹೋಯಿತು. ಇನ್ನೊಂದಾದರೂ ಏಣಿಯ ಮೇಲಿರಬೇಕಿತ್ತು. ಆದರೆ 'ಪ್ಲಾಂಟರ್' ಎಂಬ ಶಬ್ದ ಬಾಯಿಗೆ ಬಂದೊಡನೆ ಅದು ತಾನಾಗಿಯೇ ಎದ್ದು ತಲೆಗೂದಲು ಸವರಿಕೊಳ್ಳಲು ಹೋಯಿತು. ಆ ಕಡೆಯ ಹೆಣ್ಣುದನಿ ಸಾಲ ಬೇಕೇ ಎಂದು ಕೇಳಿ ಮುಗಿಸುವ ಮೊದಲೇ ಈ ಕಡೆ ಹುಚ್ಚಣ್ಣ ನೆಲ ಮುಟ್ಟಿದ್ದ.

ಬಿದ್ದವನು ಮೊದಲು ಕೇಳಿದ್ದು, "ಕಾಫಿ ಗಿಡ ಏನಾರ ಮುರೀತಾ ಗೌಡ್ರೇ?"

ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿ ಪ್ಲಾಸ್ಟರು ಸುತ್ತಿದರು. ಹೇಗೆ ಬಿದ್ದೆ ಎಂದು ಕೇಳಿದವರಿಗೆಲ್ಲ ಹುಚ್ಚಣ್ಣ ಹೇಳಿದ್ದು ಎರಡೇ ಮಾತು: "ಏಣಿ ಜಾರ್ತು." ಡಾಕ್ಟರಿಗೆ ಹಾಗೆಯೇ ಹೇಳಿದ. ನರ್ಸಿಗೂ, ದೋಣಿಗಲ್ಲಿನಿಂದ ಓಡಿಬಂದ ಮಗಳಿಗೂ. ಪ್ರತಿ ಸಲ ಆ ಮಾತು ಕೇಳಿದಾಗಲೂ ಪಕ್ಕದಲ್ಲಿ ನಿಂತ ಮೋಹನ ಒಂದೊಂದು ಅಂಗುಲ ಗಿಡ್ಡನಾಗುತ್ತ ಹೋದ. ಇನ್ನು ಮರ ಹತ್ತುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ ದಿನ ಅವನು ಮಂಚದ ಕಾಲು ಹಿಡಿದುಕೊಂಡು, "ನಿನ್ನ ಕೈ ಬಿಡಲ್ಲ ಕಣೋ ಹುಚ್ಚಣ್ಣ" ಎಂದ. ಹೇಳಿದ ಮೇಲೆ, ಆರೆಕರೆ ತೋಟದಲ್ಲಿ ಮರ ಹತ್ತದ ಆಳಿಗೆ ವರ್ಷವಿಡೀ ಸಂಬಳ ಎಲ್ಲಿಂದ ತರುವುದು ಎಂದು ಯೋಚಿಸಿ ಬೆವೆತ.

ಅಷ್ಟರಲ್ಲಿ ಹುಚ್ಚಣ್ಣನ ಅಳಿಯ ಒಂದು ಕೆಲಸ ಗೊತ್ತುಮಾಡಿದ್ದ. ದೋಣಿಗಲ್ಲಿನ ಹೆದ್ದಾರಿ ಹೋಟೆಲಿನಲ್ಲಿ. "ಕುಂತು ಮಾಡೋ ಕೆಲಸ ಮಾವ. ಟೇಬಲ್ಲು, ಕುರ್ಚಿ, ತಲೆ ಮ್ಯಾಲೆ ಫ್ಯಾನು." ವಿಚಾರಿಸಿದಾಗ ತಿಳಿದದ್ದು, ಆ ಟೇಬಲ್ಲು ಕುರ್ಚಿ ಇರುವುದು ಶೌಚಾಲಯದ ಬಾಗಿಲಲ್ಲಿ. ಒಳಗೆ ಹೋಗುವವರಿಂದ ಐದೈದು ರೂಪಾಯಿ ತೆಗೆದುಕೊಳ್ಳಬೇಕು. ಯುಗಾದಿ ಕಳೆದ ಸೋಮವಾರ ಬಂದು ಕೂರದಿದ್ದರೆ ಬೇರೆಯವರಿಗೆ ಕೊಡುತ್ತಾರೆ.

"ನಲವತ್ತಡಿ ಮ್ಯಾಲೆ ಗಾಳಿ ಕುಡ್ದೋನು ನಾನು. ಕೊನೆಗೆ ಅಲ್ಲೋಗಿ ಕುಂತು ಅದನ್ನ ಕುಡೀಬೇಕಾ ಅವ್ವಾ?" ಎಂದು ಹುಚ್ಚಣ್ಣ ನೇತ್ರಾವತಿಯ ಹತ್ತಿರ ಹೇಳಿ ನಕ್ಕ. ನೇತ್ರಾವತಿಗೆ ನಗು ಬರಲಿಲ್ಲ.

ಹೀಗಿರುವಾಗ ಮೆಣಸಿನ ವ್ಯಾಪಾರಿ ಗಯಾಜ್ ಪಿಕಪ್ ತಂದು ಅಂಗಳದಲ್ಲಿ ನಿಲ್ಲಿಸಿ, ತಕ್ಕಡಿಗಿಂತ ಮೊದಲು ಒಂದು ಸುದ್ದಿ ಇಳಿಸಿದ.

"ಮೋಹನಣ್ಣ, ಆಲೂರಲ್ಲಿ ನಮ್ಮ ಮಾವಂದು ಕಾಫಿ ಮಿಲ್ ಐತಲ್ಲ, ಅಲ್ಲೊಬ್ಬನ ಎರಡು ಬೆರಳು ಬೆಲ್ಟಿಗೆ ಹೋಯ್ತು. ಮಾವ ಅವನನ್ನ ಬಿಡ್ಲಿಲ್ಲ, ತೂಕ ಬರೆಯೋಕೆ ಕೂರಿಸಿದ್ರು. ಈಗ ಅವನ ಅರ್ಧ ಸಂಬಳ ಒಂದು ವರ್ಷ ಸರ್ಕಾರ ಕೊಡ್ತಾ ಐತೆ. ಕೂರಿಸಿದ ಕುರ್ಚಿ ದುಡ್ಡೂ ಕೊಟ್ರು."

"ಯಾರಿಗೆ? ಬೆರಳು ಹೋದವನಿಗಾ?"

"ಅಲ್ಲ ಕಣಣ್ಣ, ಮಾವಂಗೆ. ಮಾಲೀಕರಿಗೆ."

ಮೋಹನನಿಗೆ ಇದು ಕಿವಿಯೊಳಗೆ ಹೋಗಿ ತಲೆಯಲ್ಲಿ ಕೂರಲು ತುಸು ಹೊತ್ತು ಹಿಡಿಯಿತು. ಬಿದ್ದವನು ಆಳು. ಬೀಳಿಸಿದವನು ತಾನು. ದುಡ್ಡು ಕೊಡುವವರು ಸರ್ಕಾರ, ಅದೂ ತನಗೆ! ಅವನು ಎದ್ದು ನಿಂತು ಹಾಸನದ ದಿಕ್ಕಿಗೆ ಒಮ್ಮೆ ಭಕ್ತಿಯಿಂದ ನೋಡಿದ. ಮಾರನೆಯ ದಿನವೇ ಸಕಲೇಶಪುರದ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ಹಾಕಿಸಿ ಬಂದ. ವಾರ ಕಳೆಯುವುದರಲ್ಲಿ ಮೊಬೈಲಿಗೆ ಉತ್ತರವೂ ಬಂತು: ಬರುವ ಶುಕ್ರವಾರ ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಬರುತ್ತಾರೆ, ಕಾರ್ಮಿಕರು ಹಾಜರಿರತಕ್ಕದ್ದು.

ಎಡವಟ್ಟಾದದ್ದು ಇಲ್ಲಿಯೇ. ಬೇರೆ ಸೀಮೆಯಲ್ಲಿ ಹೇಗೋ ತಿಳಿಯದು, ಈ ಗುಡ್ಡಗಳಲ್ಲಿ ಸ್ಥಳ ಪರಿಶೀಲನೆ ಎಂದರೆ ಆನೆ. ಆನೆ ಬರುತ್ತದೆ, ಬಾಳೆ ಮುರಿಯುತ್ತದೆ, ಕಾಫಿ ಗಿಡ ತುಳಿಯುತ್ತದೆ, ಬೇಲಿ ಕೊಂಡುಹೋಗುತ್ತದೆ. ಆಮೇಲೆ ಇಲಾಖೆಯವರು ಬಂದು, ಎಣಿಸಿ, ಫೋಟೋ ಹೊಡೆದು, ಮಹಜರು ಬರೆದುಕೊಂಡು ಹೋದರೆ ಪರಿಹಾರ. ಅವರು ಬರುವ ತನಕ ಮುರಿದದ್ದು ಮುರಿದ ಹಾಗೆಯೇ ಬಿದ್ದಿರಬೇಕು. ಒಂದು ಎಲೆ ಎತ್ತಿಟ್ಟರೂ ಕೆಟ್ಟ. ಚೊಕ್ಕಟ ಮಾಡಿದವನು ಪರಿಹಾರ ಕಳೆದುಕೊಂಡ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು.

ಇದರಲ್ಲಿ ಪಂಡಿತರೆಂದರೆ ಪಕ್ಕದ ತೋಟದ ಸುಬ್ಬಯ್ಯ. ಎಪ್ಪತ್ತು ವರ್ಷದ ಮುದುಕರು, ಹನ್ನೊಂದು ಸಲ ಆನೆ ಪರಿಹಾರ ಪಡೆದವರು. ಹನ್ನೆರಡನೆಯ ಆನೆ ಅವರ ಖ್ಯಾತಿಗೆ ಹೆದರಿ ದಾರಿ ಬದಲಿಸಿತು ಎಂದು ಊರವರು ಹೇಳುತ್ತಾರೆ. ಮೋಹನನ ಸುದ್ದಿ ಕೇಳಿ ಅವರು ಬಗಲಲ್ಲಿ ದಪ್ಪ ಫೈಲು ಇಟ್ಟುಕೊಂಡು ಬಂದೇಬಿಟ್ಟರು.

"ಮುಟ್ಟಿದ್ಯಾ?" ಅದು ಅವರ ಮೊದಲ ಪ್ರಶ್ನೆ.

"ಏನನ್ನ ಮಾವ?"

"ಏನನ್ನಾದ್ರೂ! ಏಣಿ ಎಲ್ಲೈತೆ?"

"ಶೆಡ್ಡಲ್ಲಿ."

ಸುಬ್ಬಯ್ಯ ಹಣೆ ಚಚ್ಚಿಕೊಂಡರು. "ಕೆಟ್ಟೆ ಮಾರಾಯ! ಬಿದ್ದ ಜಾಗದಿಂದ ಏಣಿ ಎತ್ತಿಬುಟ್ಯಾ? ಚೆಲ್ಲಿದ ಮೆಣಸು?"

"ಬಾಚಿ, ಒಣಗಿಸಿ, ಗಯಾಜ್‌ಗೆ ಮಾರಿಬುಟ್ಟೆ."

"ಹುಚ್ಚಣ್ಣ?"

"ಅವನನ್ನ ಆಸ್ಪತ್ರೆಗೆ..."

"ಹೋಗ್ಲಿ, ಅದೊಂದು ಮಾಡ್ಲೇಬೇಕಿತ್ತು," ಎಂದು ಸುಬ್ಬಯ್ಯ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು.

ಅಂದಿನಿಂದ ತೋಟ ಸುಬ್ಬಯ್ಯನವರ ವಶಕ್ಕೆ ಹೋಯಿತು. ಏಣಿ ಶೆಡ್ಡಿನಿಂದ ಹೊರಟು ಮರದ ಕೆಳಗೆ, ಬಿದ್ದಿತ್ತೆಂದು ನಂಬಲಾದ ಭಂಗಿಯಲ್ಲಿ, ಮಲಗಿತು. ಅದರ ಸುತ್ತ ಎರಡು ಸೇರು ಹೊಸ ಮೆಣಸು ಚೆಲ್ಲಿದರು. ಸಾಲದ್ದಕ್ಕೆ ಮರದ ಸುತ್ತ ಹಗ್ಗ ಕಟ್ಟಿ ಕೆಂಪು ಬಟ್ಟೆ ತೂಗಿಬಿಟ್ಟರು. ಬಿಸ್ಲೆ ಕಾಡಿನ ಕಡೆಗೆ ಹೋಗುವ ಪ್ರವಾಸಿ ಜೀಪುಗಳು ನಿಂತವು. ಜನ ಇಳಿದು ಬಂದು, ಹಗ್ಗದ ಈಚೆ ನಿಂತು, ಏಣಿಯನ್ನು ಕೈಕಟ್ಟಿ ನೋಡಿದರು. ಒಬ್ಬಾಕೆ ಚಪ್ಪಲಿ ಬಿಟ್ಟು ಬಂದಳು. ಏನಾಗಿದೆ ಎಂದು ಯಾರಿಗೂ ಸರಿಯಾಗಿ ತಿಳಿಯದಿದ್ದರೂ ಏನೋ ದೊಡ್ಡದೇ ಆಗಿದೆ ಎಂದು ಎಲ್ಲರಿಗೂ ಅನ್ನಿಸಿತು. ಅಷ್ಟು ಜನ ತನ್ನ ತೋಟಕ್ಕೆ ಬಂದದ್ದನ್ನು ಕಂಡು ಮೋಹನನಿಗೇ ಮೈ ಜುಮ್ಮೆಂದಿತು.

"ಈಗ ಆಫೀಸರ್ ಕಾರಣ ಕೇಳಿದ್ರೆ," ಎಂದರು ಸುಬ್ಬಯ್ಯ, "ಆನೆ ಅಂತ ಹೇಳ್ಬುಡು."

"ಮರದ ಮೇಲೆ ಆನೆ ಎಲ್ಲಿಂದ ಬಂತು ಮಾವ?"

"ಮರದ ಮೇಲೆ ಯಾಕೆ ಬರ್ಬೇಕು? ದೂರದಲ್ಲಿ ಘೀಳಿಡ್ತು, ಇವನು ಬೆದರಿ ಬಿದ್ದ. ಆನೆ ಅಂದ್ರೆ ಫೈಲಿಗೊಂದು ಮರ್ಯಾದೆ ಇರ್ತದೆ ಕಣೋ."

ಉಳಿದದ್ದು ಹುಚ್ಚಣ್ಣ. ಅವನ ಪ್ಲಾಸ್ಟರು ಬಿಚ್ಚಿ ಹದಿನೈದು ದಿನವಾಗಿತ್ತು. ಕೋಲೂರಿಕೊಂಡು ದಿನಾ ಬೆಳಿಗ್ಗೆ ಎಂಟಕ್ಕೆ ಆಳುಗಳ ಲೈನ್ ಮನೆಯಿಂದ ಅಂಗಳಕ್ಕೆ ಬಂದು, "ಕುಂತು ಮಾಡೋದು ಏನಾರ ಕೊಡಿ ಗೌಡ್ರೇ" ಎಂದು ನಿಲ್ಲುತ್ತಿದ್ದ. ನೇತ್ರಾವತಿ ಮೊರ ಕೊಟ್ಟಿದ್ದಳು, ಮೆಣಸು ಕೇರುತ್ತಿದ್ದ. ಸುಬ್ಬಯ್ಯನವರು ಇದನ್ನು ಕಂಡದ್ದೇ ಓಡಿಹೋಗಿ ಮೊರ ಕಿತ್ತುಕೊಂಡರು.

"ನಡೀತಾ ಇದಾನಲ್ಲೋ ಇವನು! ಕೆಲಸಾನೂ ಮಾಡ್ತಾನೆ! ಆಫೀಸರ್ ನೋಡಿದ್ರೆ ಏನ್ ಗತಿ?"

ಹುಚ್ಚಣ್ಣನನ್ನು ಶೆಡ್ಡಿನ ಜಗಲಿಯಲ್ಲಿ ಹಗ್ಗದ ಮಂಚ ಹಾಕಿ ಮಲಗಿಸಿದರು. ವಾಸಿಯಾದ ಕಾಲಿಗೆ ಹೊಸದಾಗಿ ಬಟ್ಟೆ ಸುತ್ತಿದರು. ಸುತ್ತುತ್ತ ಹೋದಂತೆ ಅದು ಬೇರೆ ಯಾರದೋ ಕಾಲಿನಷ್ಟು ದಪ್ಪವಾಯಿತು. ಸುಬ್ಬಯ್ಯ ಫೈಲು ತೆರೆದು ಆನೆ ತುಳಿದ ಗಿಡಗಳ ನಮೂನೆಯಲ್ಲೇ ಬರೆಸಿದರು. ವಯಸ್ಸು: ಐವತ್ತೆರಡು. ಫಸಲು: ದಿನಕ್ಕೆ ನಲವತ್ತು ಕೆಜಿ ಮೆಣಸು. ಹಾನಿಯ ಪ್ರಮಾಣ: ಒಂದು ಕೊಂಬೆ. ಕೊನೆಗೆ ಸ್ಲೇಟಿನ ಮೇಲೆ 'ಕ್ರಮ ಸಂಖ್ಯೆ ೧' ಎಂದು ಸೀಮೆಸುಣ್ಣದಲ್ಲಿ ಬರೆದು ಅವನ ಎದೆಯ ಮೇಲಿಟ್ಟು ಫೋಟೋ ತೆಗೆದರು.

"ನಾನೇನ್ ಆನೆ ತುಳಿದ ಬಾಳೆನಾ ಗೌಡ್ರೇ?" ಎಂದ ಹುಚ್ಚಣ್ಣ.

"ಶುಕ್ರವಾರದ ತನಕ ಸುಮ್ನೆ ಬಿದ್ಕೊಂಡಿರೋ. ನಿನ್ನ ಒಳ್ಳೇದಕ್ಕೇ ಕಣೋ."

ಅಂದಿನಿಂದ ಹುಚ್ಚಣ್ಣ ಗೌಡರೊಡನೆ ಮಾತು ನಿಲ್ಲಿಸಿದ. ಬುಧವಾರ ಊಟ ತೆಗೆದುಕೊಂಡು ಹೋದ ನೇತ್ರಾವತಿ ತಿರುಗಿ ಬಂದವಳೇ ಗಂಡನೆದುರು ತಟ್ಟೆ ಕುಕ್ಕಿದಳು. "ಏನ್ರೀ, ಅವನು ಟ್ರಂಕಿಗೆ ಬಟ್ಟೆ ತುಂಬ್ಕೊಂಡವನೆ. 'ಗೌಡ್ರಿಗೆ ನಾನು ಬೇಡ ಅವ್ವಾ, ಬೇಕಿದ್ರೆ ಮೊರ ಕಿತ್ಕೊಳ್ತಿದ್ರಾ? ಸೋಮವಾರ ದೋಣಿಗಲ್‌ಗೆ ಹೋಗ್ತೀನಿ' ಅಂತಾನೆ. ಮೇಲಿನ ಸಾಲಲ್ಲಿ ಮೂವತ್ತು ಮರದ ಮೆಣಸು ಹಣ್ಣಾಗಿ ಉದುರ್ತಾ ಐತೆ, ಕುಯ್ಯೋಕೆ ಅಂತ ಗಯಾಜ್ ಕಳಿಸಿದ ಇಬ್ಬರು ಮರ ನೋಡಿ ಹೆದರ್ಕೊಂಡು ಕುಂತವ್ರೆ, ನೀವು ಏಣಿ ಮಲಗಿಸಿ ಪೂಜೆ ಮಾಡ್ತಾ ಇದೀರಾ!"

"ಇನ್ನೆರಡು ದಿನ ಕಣೇ. ಮಹಜರು ಆಗ್ಲಿ."

ಶುಕ್ರವಾರ ಬಂತು. ಸುಬ್ಬಯ್ಯ ಕೋಟು ಹಾಕಿಕೊಂಡು, ಮೋಹನ ಒಗೆದ ಅಂಗಿ ತೊಟ್ಟು, ಗೇಟಿನಲ್ಲಿ ಇಲಾಖೆಯ ಜೀಪಿಗೆ ಕಾದರು. ಹತ್ತು ಗಂಟೆಗೆ ಹೆಲ್ಮೆಟ್ ಹಾಕಿದ ಹೆಂಗಸೊಬ್ಬಳು ಸ್ಕೂಟರಿನಲ್ಲಿ ಬಂದು ನಿಂತಳು. ಹಿಂದೆ ಒಂದು ದೊಡ್ಡ ಬ್ಯಾಗು ಕಟ್ಟಿತ್ತು.

"ಸೀರೆ ಬೇಡಮ್ಮ ಇವತ್ತು," ಎಂದರು ಸುಬ್ಬಯ್ಯ. "ದೊಡ್ಡ ಆಫೀಸರ್ ಬರೋರವ್ರೆ. ಗಾಡಿ ಆಚೆ ತಗಿ."

"ನಾನೇ ಬರೋರು," ಎಂದು ಆಕೆ ಹೆಲ್ಮೆಟ್ ತೆಗೆದಳು. "ವಾಣಿ ಅಂತ. ಹಾಸನದಿಂದ. ಮೋಹನ್ ಅಂದ್ರೆ ಯಾರು?"

ಸುಬ್ಬಯ್ಯನವರ ಬೆನ್ನು ತಾನಾಗಿ ಬಾಗಿತು. ಹನ್ನೊಂದು ಆನೆಗಳ ಅನುಭವದಲ್ಲಿ ಅವರು ಸ್ಕೂಟರಿನ ಆಫೀಸರನ್ನು ಕಂಡಿರಲಿಲ್ಲ. "ಬನ್ನಿ ಮೇಡಂ, ಬನ್ನಿ. ಎಲ್ಲಾ ಹ್ಯಾಗೆ ಆಗಿತ್ತೋ ಹಾಗೇ ಇಟ್ಟಿದೀವಿ. ಒಂದು ಕಾಳು ಕದಲಿಸಿಲ್ಲ" ಎನ್ನುತ್ತ ಮೆರವಣಿಗೆಯ ಮುಂದೆ ನಡೆದರು.

ಮರದ ಹತ್ತಿರ ಹೋದರೆ, ಏಣಿ ಇರಲಿಲ್ಲ. ಹಗ್ಗವೂ ಇರಲಿಲ್ಲ. ಚೆಲ್ಲಿದ ಮೆಣಸನ್ನು ಯಾರೋ ಗುಡಿಸಿ ತೆಗೆದಿದ್ದರು. ಒಂದು ಸಿಲ್ವರ್ ಮರ, ಅದಕ್ಕೊಂದು ಬಳ್ಳಿ, ಅಷ್ಟೆ. ಅಪಘಾತವೇ ಕಳುವಾಗಿತ್ತು.

"ಏನು ನೋಡ್ಬೇಕು ನಾನು?" ಎಂದಳು ವಾಣಿ.

ಸುಬ್ಬಯ್ಯ ಮರವನ್ನು ಎರಡು ಸುತ್ತು ಬಂದರು. ಮೋಹನ ಜಗಲಿಗೆ ಓಡಿದ. ಮಂಚದ ಮೇಲೆ ಕಂಬಳಿ ಉಬ್ಬಿಕೊಂಡಿತ್ತು. ಎಳೆದರೆ ಒಳಗೆ ದಪ್ಪಗೆ ಸುತ್ತಿದ ಬಟ್ಟೆ, ಕಾಲಿನ ಆಕಾರ ಇನ್ನೂ ಉಳಿಸಿಕೊಂಡು, ಒಂಟಿಯಾಗಿ ಮಲಗಿತ್ತು. ಅದರ ಮೇಲೆ ಸ್ಲೇಟು. ಕ್ರಮ ಸಂಖ್ಯೆ ಒಂದು ನಾಪತ್ತೆ.

ವಾಣಿ ಅಲ್ಲಿಯೇ ಜಗಲಿಯಂಚಿನಲ್ಲಿ ಕೂತು ಫಾರಂ ತೆಗೆದಳು. "ಆಯ್ತು, ಮೊದಲು ನೀವು ಹೇಳಿ. ಅವರಿಗೆ ಈಗ ಏನು ಕೆಲಸ ಕೊಟ್ಟಿದೀರಿ?"

ಈ ಪ್ರಶ್ನೆಗೆ ಮೋಹನ ಸಿದ್ಧನಾಗಿದ್ದ. ಎದೆ ಉಬ್ಬಿಸಿ, "ಏನೂ ಇಲ್ಲ ಮೇಡಂ! ಒಂದು ಹುಲ್ಲುಕಡ್ಡಿ ಎತ್ತೋಕೆ ಬಿಟ್ಟಿಲ್ಲ. ಮೊರ ಹಿಡ್ಕೊಂಡಿದ್ದ, ಕಿತ್ಕೊಂಡ್ವಿ" ಎಂದ.

"ಕಿತ್ಕೊಂಡ್ರಾ?"

"ಮುರಿದದ್ದು ಮುರಿದ ಹಾಗೇ ಇರ್ಬೇಕಲ್ಲ ಮೇಡಂ, ನೀವು ನೋಡೋ ತನಕ."

ವಾಣಿ ಪೆನ್ನು ಮುಚ್ಚಿದಳು. ಆಮೇಲೆ, ಸಣ್ಣ ಮಗುವಿಗೆ ಹೇಳುವ ಹಾಗೆ, "ಮೋಹನ್ ಅವ್ರೇ, ಸರ್ಕಾರ ದುಡ್ಡು ಕೊಡೋದು ಬಿದ್ದಿದ್ದಕ್ಕಲ್ಲ. ಎದ್ದಿದ್ದಕ್ಕೆ. ಅವರಿಗೆ ಆಗೋವಂಥ ಕೆಲಸ ನೀವು ಕೊಟ್ಟಿರ್ಬೇಕು, ಅವರು ಮಾಡ್ತಾ ಇರ್ಬೇಕು, ನಾನದನ್ನ ಕಣ್ಣಾರೆ ನೋಡ್ಬೇಕು. ಕೆಲಸವೇ ಇಲ್ಲ ಅಂದ್ರೆ ಅರ್ಜಿ ಇಲ್ಲಿಗೇ ಮುಗೀತು" ಎಂದಳು.

ಮೋಹನನ ಎದೆ ಉಬ್ಬಿದಷ್ಟೇ ವೇಗದಲ್ಲಿ ಇಳಿಯಿತು. ಅವನು ಸುಬ್ಬಯ್ಯನವರ ಕಡೆ ನೋಡಿದ. ಸುಬ್ಬಯ್ಯ ಜೀವನದಲ್ಲಿ ಮೊದಲ ಸಲ ಫೈಲಿನೊಳಗೆ ಮುಖವಿಟ್ಟುಕೊಂಡರು. ಸೋಮವಾರ, ಟೇಬಲ್ಲು, ಕುರ್ಚಿ, ಫ್ಯಾನು, ಎಲ್ಲವೂ ಮೋಹನನ ಕಣ್ಣೆದುರು ಬಂದು ನಿಂತವು.

ಆಗ ಮೇಲಿನ ಸಾಲಿನ ಕಡೆಯಿಂದ ಒಂದು ಕೂಗು ಕೇಳಿಸಿತು.

"ಲೇ, ಆ ಕೊಂಬೆ ಹಿಡೀಬ್ಯಾಡ! ಮ್ಯಾಲೆ ಹಸಿರು, ಒಳಗೆ ಟೊಳ್ಳು! ಎಡಕ್ಕೆ ಬಾ, ಎಡಕ್ಕೆ!"

ಎಲ್ಲರೂ ಏರು ಹತ್ತಿ ಹೋದರು. ಅಲ್ಲಿ ಬುಟ್ಟಿಯೊಂದನ್ನು ಬೋರಲು ಹಾಕಿಕೊಂಡು, ಬಲಗಾಲು ನೀಡಿ, ಹುಚ್ಚಣ್ಣ ಕೂತಿದ್ದ. ಕಾಣೆಯಾದ ಏಣಿ ಎದುರಿನ ಮರಕ್ಕೆ ಒರಗಿತ್ತು. ಕಾಣೆಯಾದ ಹಗ್ಗ ಅದರ ಬುಡವನ್ನೂ ನಡುವನ್ನೂ ಮರಕ್ಕೆ ಬಿಗಿದಿತ್ತು. ಗಯಾಜ್ ಕಳಿಸಿದ ಇಬ್ಬರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೇಲಿದ್ದರು. ನೇತ್ರಾವತಿ ಕೆಳಗೆ ಚೀಲ ಹಿಡಿದಿದ್ದಳು. ಅಪಘಾತವನ್ನು ಗುಡಿಸಿದವಳು ಯಾರೆಂದು ಮೋಹನನಿಗೆ ಈಗ ತಿಳಿಯಿತು.

"ಬಂದ್ರಾ?" ಎಂದಳು ಅವಳು. "ಮಹಜರು ಆಯ್ತಾ?"

ಹುಚ್ಚಣ್ಣ ಯಾರನ್ನೂ ಗಮನಿಸಲಿಲ್ಲ. "ಮುಂದಿನ ಮರ ಬ್ಯಾಡ, ಕಣಜದ ಗೂಡೈತೆ. ಅದರಾಚೇದು ಹತ್ತಿ. ಮೂರು ಆಳೆತ್ತರದಲ್ಲಿ ಒಂದು ಗಂಟು ಸಿಗ್ತದೆ, ಅದು ಕಾಲಿಡೋಕೆ ಸೈ. ಹನ್ನೆರಡು ವರ್ಷದ ಹಿಂದೆ ನಾನೇ ಕಡಿದು ಬಿಟ್ಟಿದ್ದು."

ವಾಣಿ ನಿಂತಲ್ಲೇ ನಿಂತಳು. ದೂರದ ಒಂದು ಮರ ತೋರಿಸಿ, "ಅದು?" ಎಂದಳು. ತುದಿ ಸಿಡಿಲಿಗೆ ಹೋಗಿದೆ, ಪಶ್ಚಿಮಕ್ಕೆ ಬಾಗಿದೆ, ಬಳ್ಳಿಗೆ ರೋಗ, ಈ ವರ್ಷ ಎರಡು ಕೆಜಿಯೂ ಬರುವುದಿಲ್ಲ ಎಂದ ಹುಚ್ಚಣ್ಣ. ಇನ್ನೊಂದು ತೋರಿಸಿದಳು. ಅದರ ಪೊಟರೆಯಲ್ಲಿ ಹಾರುವ ಅಳಿಲು ಸಂಸಾರ ಮಾಡಿದೆ, ಮರಿ ದೊಡ್ಡವಾಗುವ ತನಕ ಅತ್ತ ಹೋಗುವ ಹಾಗಿಲ್ಲ ಎಂದ. ಕಾಲು ಶತಮಾನದಿಂದ ಆ ತೋಟದ ಪಹಣಿ ಇಟ್ಟುಕೊಂಡಿದ್ದ ಮೋಹನ ಬಾಯಿ ತೆರೆದು ಕೇಳುತ್ತಿದ್ದ. ಬೇರೆ ಯಾವುದೋ ದೇಶದ ಸುದ್ದಿ ಕೇಳಿದ ಹಾಗಿತ್ತು.

"ಎಲ್ಲಾ ಸರಿ," ಎಂದಳು ವಾಣಿ ಮೆಲ್ಲಗೆ. "ಆದ್ರೆ ಬಿದ್ದವರ ಕೈಲಿ ಬೇರೆಯವರನ್ನ ಹತ್ತಿಸೋ ಕೆಲಸ ಅಂತ ನಾನು ಹೇಗೆ ಬರೀಲಿ? ನೀವು ಬಿದ್ದಿದ್ದು ಹೇಗೆ?"

"ಏಣಿ ಜಾರ್ತು," ಎಂದ ಹುಚ್ಚಣ್ಣ.

"ಆನೆ," ಎಂದರು ಸುಬ್ಬಯ್ಯ, ಅಭ್ಯಾಸಬಲದಿಂದ.

"ನಾನು," ಎಂದ ಮೋಹನ.

ಎಲ್ಲರೂ ತಿರುಗಿದರು. "ನಾನು ಮೇಡಂ. ಏಣಿ ಹಿಡಿದಿದ್ದೆ. ಫೋನ್ ಬಂತು, ಬಿಟ್ಟೆ." ನೇತ್ರಾವತಿಯ ಕೈಯಿಂದ ಚೀಲ ಜಾರಿತು. ಮೋಹನ ಹುಚ್ಚಣ್ಣನ ಕಡೆ ನೋಡದೆ, "ಅವನಿಗೂ ಗೊತ್ತಿಲ್ಲ" ಎಂದ.

"ಗೊತ್ತಿಲ್ದೆ ಏನು?" ಎಂದ ಹುಚ್ಚಣ್ಣ. "ತಲೆ ಬಾಚ್ಕೊಂಡಿದ್ದೂ ಕಾಣಿಸ್ತು. ಮ್ಯಾಲಿಂದ ಎಲ್ಲಾ ಕಾಣ್ತದೆ ಗೌಡ್ರೇ. ಅದಕ್ಕೇ ಈಗ ಹಗ್ಗ ಕಟ್ಟಿರೋದು. ಹಗ್ಗಕ್ಕೆ ಯಾರೂ ಫೋನ್ ಮಾಡಾಕಿಲ್ಲ."

ವಾಣಿ ನಗು ತಡೆದುಕೊಂಡಳು. ಆದರೆ ಪೆನ್ನು ತೆರೆಯಲಿಲ್ಲ. "ಮೇಲಿರೋರು ಇಬ್ರೂ ಮರ ಹತ್ತೋದು ಕಲಿತವರು. ನೀವು ಕೂಗದಿದ್ರೂ ಹೇಗೋ ಹತ್ತಿ ಇಳೀತಾರಲ್ಲ ಅಂತ ನಮ್ಮ ಮೇಲಿನವರು ಕೇಳ್ತಾರೆ. ಆಗ ನಾನೇನು ಹೇಳ್ಲಿ?"

ಹುಚ್ಚಣ್ಣ ಬುಟ್ಟಿಯ ಮೇಲೆ ನೆಟ್ಟಗೆ ಕೂತ. "ಏನೂ ಗೊತ್ತಿಲ್ದೋರನ್ನ ಹತ್ತಿಸ್ತೀನಿ, ನೋಡಿ" ಎಂದವನು ಈ ಕಡೆ ತಿರುಗಿ, "ಗೌಡ್ರೇ, ಚಪ್ಪಲಿ ಬಿಡಿ" ಎಂದ.

ಇನ್ಯಾರಾದರೂ ಗೌಡರು ಬಂದಿರಬಹುದೇ ಎಂದು ಮೋಹನ ಹಿಂದಕ್ಕೆ ನೋಡಿದ. ಯಾರೂ ಇರಲಿಲ್ಲ. ಸುಬ್ಬಯ್ಯ ಮೊಣಕಾಲು ಹಿಡಿದುಕೊಂಡು ಆಗಲೇ ದೂರ ಕೂತಿದ್ದರು.

"ನಂಗೆ ತಲೆ ಸುತ್ತು ಬರ್ತದೆ ಕಣೋ."

"ಸುತ್ಲಿ. ಕಣ್ಣು ಮುಚ್ಕೊಳ್ಳಿ."

"ಹತ್ರೀ," ಎಂದಳು ನೇತ್ರಾವತಿ. ಅವಳು ಹಾಗೆ ಒಂದೇ ಶಬ್ದದಲ್ಲಿ ಮಾತಾಡಿದಾಗ ಮೋಹನ ಈವರೆಗೆ ಎದುರಾಡಿದ್ದಿಲ್ಲ.

ಮೇಲಿದ್ದವರು ಇಳಿದು ಬಂದು ಅವನ ಸೊಂಟಕ್ಕೆ ಹಗ್ಗ ಬಿಗಿದರು. ಕೊರಳಿಗೆ ಚೀಲ ತೂಗಿದರು. ಹುಚ್ಚಣ್ಣ ಬುಟ್ಟಿಯನ್ನು ಮರದ ಹತ್ತಿರಕ್ಕೆಳೆದು, ಅಂಗೈಯನ್ನು ಕಾಂಡಕ್ಕೆ ಒತ್ತಿ, ನೆಲ ನೋಡುತ್ತ ಕೂತ. ಮೇಲಕ್ಕೆ ತಲೆಯೆತ್ತಲೇ ಇಲ್ಲ.

"ಬಲಗಾಲು. ಇನ್ನೊಂದು ಗೇಣು ಮ್ಯಾಲೆ. ಹಾಂ. ನಡುಗಬ್ಯಾಡಿ, ಮರಕ್ಕೂ ನಡುಕ ಹತ್ಕಳ್ತದೆ."

"ನಡುಗ್ತಾ ಇಲ್ಲ!"

"ಮರ ಹೇಳ್ತಾ ಐತೆ. ಎಡಗೈ ಬುಡಿ ಈಗ. ಬುಡಿ ಅಂದ್ರೆ ಬುಡಬೇಕು. ಅದರ ಮ್ಯಾಲೆ ಒಂದು ಗಂಟೈತೆ, ನಿಮ್ಮ ಕೈಗಂತ್ಲೇ ಮಾಡಿಟ್ಟಂಗೆ."

ಮೋಹನ ಕೈ ಬಿಟ್ಟ. ಗಂಟು ಸಿಕ್ಕಿತು. ಮತ್ತೊಂದು ಹೆಜ್ಜೆ, ಮತ್ತೊಂದು ಗಂಟು. ಅಂಗೈಗೆ ಮುಟ್ಟಿದ್ದೆಲ್ಲ ಹುಚ್ಚಣ್ಣ ಹೇಳಿದ ಜಾಗದಲ್ಲೇ ಇತ್ತು. ಕೆಳಗಿನ ದನಿ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಎಷ್ಟು ಹೊತ್ತಾಯಿತೋ. "ಸಾಕು. ಈಗ ಕಣ್ಣು ಬುಡಿ" ಎಂದಾಗ ಬಿಟ್ಟ.

ಮೊದಲು ಅವನಿಗೆ ಏನೂ ಅರ್ಥವಾಗಲಿಲ್ಲ. ಕಾಲ ಕೆಳಗೆ ಕಾಫಿ ಗಿಡಗಳು ಹಸಿರು ಕಂಬಳಿ ಹಾಸಿದ ಹಾಗೆ ಒಂದಕ್ಕೊಂದು ಸೇರಿಕೊಂಡಿದ್ದವು. ತನ್ನ ಆರೆಕರೆ ಎಲ್ಲಿ ಮುಗಿದು ಸುಬ್ಬಯ್ಯನವರದು ಎಲ್ಲಿ ಶುರುವಾಗುತ್ತದೆ ಎಂದು ಹುಡುಕಿದ, ಬೇಲಿಯೇ ಕಾಣಲಿಲ್ಲ. ಅದರಾಚೆಯ ನೂರೆಕರೆಯ ಎಸ್ಟೇಟೂ ಅದೇ ಕಂಬಳಿಯಲ್ಲಿ ಸೇರಿಹೋಗಿತ್ತು. ಮುಂದೆ ಬಿಸ್ಲೆಯ ಕಾಡು, ಗುಡ್ಡದ ಹಿಂದೆ ಗುಡ್ಡ, ಒಂದಕ್ಕಿಂತ ಒಂದು ನೀಲಿ. ಗಾಳಿ ಬಂತು. ಮರ ಬಲು ನಿಧಾನ, ತೊಟ್ಟಿಲಿನ ಹಾಗೆ, ಅತ್ತ ಹೋಗಿ ಇತ್ತ ಬಂತು. ಇಪ್ಪತ್ತೆಂಟು ವರ್ಷ ಹುಚ್ಚಣ್ಣ ಇಲ್ಲಿದ್ದನಲ್ಲ, ಇದನ್ನೆಲ್ಲ ದಿನಾ ನೋಡಿ ಸಂಜೆ ಸುಮ್ಮನೆ ಇಳಿದು ಬಂದು ಕಾಫಿ ಕುಡಿದು ಹೋಗುತ್ತಿದ್ದನಲ್ಲ ಎಂದು ಮೋಹನ ನೆನೆದ. ಗಾಳಿಗೆ ಕೆದರಿದ ಕೂದಲು ಸವರಿಕೊಳ್ಳಲು ಕೈಗಳು ಖಾಲಿ ಇರಲಿಲ್ಲ.

ಕೆಳಗೆ ವಾಣಿ ಕತ್ತು ಹಿಂದಕ್ಕೆ ಬಾಗಿಸಿ ಮೇಲೆ ನೋಡಿದಳು, ಆಮೇಲೆ ಕಾಂಡಕ್ಕೊತ್ತಿದ ಆ ಅಂಗೈ ನೋಡಿದಳು. ಸುಬ್ಬಯ್ಯನವರ ಕೈಯಿಂದ ಫೈಲು ನೆಲಕ್ಕೆ ಬಿದ್ದದ್ದು ಅವರಿಗೇ ತಿಳಿಯಲಿಲ್ಲ. ವಾಣಿ ಪೆನ್ನು ತೆರೆದು ಬರೆಯತೊಡಗಿದಳು.

"ಹುದ್ದೆ ಏನಂತ ಹಾಕ್ಲಿ? ಪಟ್ಟಿಯಲ್ಲಿ ಇಂಥದ್ದೊಂದು ಇಲ್ವೇ ಇಲ್ಲ."

"ಏಣಿ ಮೇಸ್ತ್ರಿ ಅಂತ ಬರೀರಿ ಮೇಡಂ," ಎಂದಳು ನೇತ್ರಾವತಿ.

ಹಾಗೆಯೇ ಬರೆದಳು. ಒಂದು ವರ್ಷದ ಅರ್ಧ ಸಂಬಳ, ಒಂದು ಕುರ್ಚಿ, ಸೊಂಟದ ಪಟ್ಟಿ ನಾಲ್ಕು, ಗಟ್ಟಿ ಹಗ್ಗ ನೂರಡಿ. ಹುಚ್ಚಣ್ಣ ಒಂದು ಕೈ ಮರದಿಂದ ತೆಗೆಯದೆ ಇನ್ನೊಂದು ಕೈಯಲ್ಲಿ ರುಜು ಹಾಕಿದ.

"ಮಂಗಳವಾರ ನಮ್ಮ ತೋಟಕ್ಕೂ ಒಂದ್ ಗಳಿಗೆ ಬಂದೋಗ್ತೀಯೇನೋ ಹುಚ್ಚಣ್ಣ?" ಎಂದರು ಸುಬ್ಬಯ್ಯ, ಹಿಂದೆಂದೂ ಯಾರೂ ಕೇಳಿರದ ಮೆತ್ತನೆ ದನಿಯಲ್ಲಿ.

"ನಮ್ಮ ಗೌಡ್ರನ್ನ ಕೇಳ್ಬೇಕು," ಎಂದ ಹುಚ್ಚಣ್ಣ. ಆಮೇಲೆ ನೇತ್ರಾವತಿಗೆ, "ಅವ್ವಾ, ನಮ್ಮ ಅಳಿಯಂಗೊಂದು ಫೋನ್ ಮಾಡ್ಬುಡಿ. ಆ ಫ್ಯಾನು ಅವನೇ ಹಾಕ್ಕಂಡು ಕುಂತ್ಕಳ್ಲಿ ಅನ್ನಿ."

ವಾಣಿಯ ಸ್ಕೂಟರು ರಸ್ತೆಗಿಳಿದ ಸದ್ದು ಮರದ ತುದಿಯ ತನಕ ಕೇಳಿತು.

"ಹುಚ್ಚಣ್ಣಾ," ಮೇಲಿನಿಂದ ಸಣ್ಣ ದನಿ ಬಂತು. "ಆಯ್ತಲ್ಲೋ. ಇಳಿಸು."

"ಇರಿ. ಬಲಗೈ ಹಿಂದಕ್ಕೆ ಚಾಚಿ. ಎಲೆ ಮರೇಲಿ ಎರಡು ಗೊಂಚಲು ಅವೆ. ಬುಟ್ಟು ಇಳಿಯಂಗಿಲ್ಲ."

"ಎಲ್ಲೋ? ನಂಗೆ ಕಾಣ್ತಾ ಇಲ್ಲ."

"ಚಾಚಿ ಅಂದ್ನಲ್ಲ."

ಮೋಹನ ಕೆಳಗೆ ನೋಡಿದ. ಹುಚ್ಚಣ್ಣ ಇನ್ನೂ ತಲೆ ಎತ್ತಿರಲಿಲ್ಲ. ಮರಕ್ಕೆ ಅಂಗೈ ಒತ್ತಿ, ಮಣ್ಣು ನೋಡುತ್ತ ಕೂತಿದ್ದ. ಮೋಹನ ಕಣ್ಣು ಮುಚ್ಚಿ ಕೈ ಹಿಂದಕ್ಕೆ ಚಾಚಿದ. ಬೆರಳು ನಿಂತ ಜಾಗದಲ್ಲಿ, ಎಲೆಯ ಹಿಂದೆ, ಎರಡು ಗೊಂಚಲು ತಣ್ಣಗೆ ಸಿಕ್ಕವು.